ಐರಾಣಿ ಮುಂದೆ ಸನಾದಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಸೀಮೆಯ ಮದುವೆಗೆ ವಾದ್ಯ ನುಡಿಸುವ ಭಜಂತ್ರಿಯವರನ್ನು ಕರೆಯುವುದು ಬರೀ ಸದ್ದಿಗಲ್ಲ. ಕುಂಬಾರರ ಮನೆಯಿಂದ ಐರಾಣಿ ಗಡಿಗೆ ತರಲು ಮುತ್ತೈದೆಯರು ಹೊರಟರೆ ಮುಂದೆ ಸನಾದಿ ಇರಲೇಬೇಕು. ಸುರಗಿ ಸುತ್ತುವ ಶಾಸ್ತ್ರಕ್ಕೆ, ಗುಡಿಗೆ ಹೋಗಲು, ಅಕ್ಕಿಕಾಳು ಹಾಕುವ ಹೊತ್ತಿಗೆ, ಕಡೆಗೆ ಮದುಮಗಳನ್ನು ಕಳಿಸಲೂ ಬೇಕು. ಬೀಗರು ಅಗಸಿಗೆ ಬಂದರೆಂದು ಅಡುಗೆಯವರಿಗೆ ತಿಳಿಯುವುದು ಆ ದನಿಯಿಂದಲೇ.

ಸನಾದಿ ಎಂದರೆ ಶಹನಾಯಿಯೇ. ಮರದ ಕೊಳವೆ, ತುದಿಗೆ ಹಿತ್ತಾಳೆಯ ಅಗಲ ಬಾಯಿ, ಊದುವ ಕಡೆ ಪುಟ್ಟ ಪೀಪಿ. ಪೀಪಿಯನ್ನು ಮೊದಲು ತುಟಿಯಲ್ಲಿಟ್ಟು ನೆನೆಸಿಕೊಳ್ಳಬೇಕು, ಒಣಗಿದ್ದರೆ ದನಿ ಒಡೆಯುತ್ತದೆ. ಪಕ್ಕದವನು ಒಂದೇ ಸ್ವರ ಹಿಡಿದು ಶ್ರುತಿ ಊದುತ್ತಾನೆ. ಕೆನ್ನೆಯಲ್ಲಿ ತುಂಬಿಟ್ಟ ಗಾಳಿಯನ್ನು ಹೊರದಬ್ಬುತ್ತಲೇ ಮೂಗಿನಿಂದ ಉಸಿರೆಳೆದುಕೊಳ್ಳುವುದರಿಂದ ನಾದ ತುಂಡಾಗುವುದಿಲ್ಲ. ಊಟದ ಪಂಕ್ತಿ ಏಳುವ ತನಕ ಹಾಗೆ ಊದಿದರೂ ಯಾರೂ ತಿರುಗಿ ನೋಡುವುದಿಲ್ಲ, ಆ ಮಾತು ಬೇರೆ. ಜೊತೆಗೆ ಸಂಬಾಳದ ಬಡಿತ, ಮೆರವಣಿಗೆ ಜೋರಿದ್ದರೆ ಕರಡಿ ಮಜಲಿನ ಮೇಳ.

1977ರ ‘ಸನಾದಿ ಅಪ್ಪಣ್ಣ’ ಸಿನಿಮಾದಲ್ಲಿ ತೆರೆಯ ಮೇಲೆ ಊದಿದವರು ರಾಜಕುಮಾರ್, ಕೇಳಿಸಿದ್ದು ಬಿಸ್ಮಿಲ್ಲಾ ಖಾನರ ಶಹನಾಯಿ. ನಿಜದ ಅಪ್ಪಣ್ಣ ಕೃಷ್ಣೆಯ ಆಚೆಯ ಬೀಳಗಿಯವರು.

ಪೂರ್ವ ಯುರೋಪಿನ ಯಹೂದಿಗಳ ಮದುವೆಯಲ್ಲಿ ನಮ್ಮ ಭಜಂತ್ರಿಯವರ ಕೆಲಸ ಕ್ಲೆಜ್ಮರ್ ಎಂಬ ವಾದ್ಯಗಾರರದಾಗಿತ್ತು. ಮೊದಲು ಪಿಟೀಲು, ಆಮೇಲೆ ಕ್ಲಾರಿನೆಟ್. ಅವರದೂ ಅಪ್ಪನಿಂದ ಮಗನಿಗೆ ಬಂದ ಕಸುಬು. ಮದುಮಗಳನ್ನು ಕೂರಿಸಿ ಕಣ್ಣೀರು ತರಿಸಲು ಒಂದು ನುಡಿಕೆ, ರಾತ್ರಿ ಬಂದವರನ್ನು ಬೀಳ್ಕೊಡಲು ‘ದೊಬ್ರನೊಚ್’. ಸುತ್ತು ಕಟ್ಟಿ ಕುಣಿಯುವ ಒಂದೇ ಬಗೆಯ ನುಡಿಕೆಗೆ ಒಂದೂರಲ್ಲಿ ಫ್ರೈಲೆಖ್ಸ್, ಇನ್ನೊಂದೂರಲ್ಲಿ ಹೋಪ್ಕೆ, ಮತ್ತೊಂದರಲ್ಲಿ ರೆಡ್ಲ್ ಎಂದು ಹೆಸರಿತ್ತು. ನಮ್ಮಲ್ಲಿ ಹೆಸರಿನ ಗೊಡವೆ ಕಡಿಮೆ. ‘ಐರಾಣಿದು ಬಾರಸ್ರಿ’ ಅಂದರೆ ಮುಗಿಯಿತು.

1930ರ ದಶಕದಲ್ಲಿ ಉಕ್ರೇನಿನ ಮೊಯ್ಸೆ ಬೆರೆಗೊವ್ಸ್ಕಿ ಮೇಣದ ಉರುಳೆಗಳ ಮೇಲೆ ಯಹೂದಿ ಸಂಗೀತವನ್ನು ಮುದ್ರಿಸಿಕೊಳ್ಳುತ್ತ, ಕ್ಲೆಜ್ಮರ್ ನುಡಿಕೆಗಳನ್ನು ಸ್ವರಲಿಪಿಗೆ ಇಳಿಸಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಆಗಿನ ಇಂಡಿ ತಾಲ್ಲೂಕಿನ ಹಲಸಂಗಿ ಗೆಳೆಯರು, ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ, ಹಳ್ಳಿಯ ಹೆಂಗಸರ ಹಾಡು ಬರೆದುಕೊಳ್ಳುತ್ತಿದ್ದರು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ಅಲ್ಲಿ ಉಳಿದದ್ದು ಸ್ವರ, ಇಲ್ಲಿ ಮಾತು. ಹಂದರದ ಒಳಗೆ ಸೋಬಾನೆ ಹಾಡಿದವರ ಸಾಲುಗಳು ಪುಸ್ತಕ ಸೇರಿದವು. ಹೊರಗೆ ಸನಾದಿ ಊದುತ್ತಿದ್ದವರ ವಿದ್ಯೆ ಕಿವಿಯಿಂದ ಬೆರಳಿಗೆ ದಾಟುತ್ತ ಬಂತು. ಗೆಳೆಯರನ್ನು ದೂರುವಂತಿಲ್ಲ, ಅವರ ಕೈಯಲ್ಲಿದ್ದದ್ದು ಪೆನ್ನು.

ಈಗ ಮೆರವಣಿಗೆಯನ್ನು ಡಿಜೆ ನುಂಗಿದೆ. ಐರಾಣಿ, ಅಕ್ಕಿಕಾಳು ಇನ್ನೂ ಎಷ್ಟೋ ಮನೆಗಳಲ್ಲಿ ಭಜಂತ್ರಿಯವರದೇ. ಮೊಬೈಲಿನಲ್ಲಿ ಹಿಡಿದಿಡುವವರು ಅಲ್ಲಿಂದ ಶುರು ಮಾಡಬಹುದು: ಯಾವ ಊರು, ಯಾವ ಶಾಸ್ತ್ರ, ಊದಿದವರು ಯಾರು, ಅವರು ಯಾರಿಂದ ಕಲಿತರು.