ನಿದ್ದೆಯನ್ನೂ ಕಣ್ಣೀರನ್ನೂ ತಡೆಯಬಾರದು

ಕಳೆದ ಆಷಾಢದಲ್ಲಿ ರವೀಂದ್ರನಗರದ ನಮ್ಮ ಚಿಕಿತ್ಸಾಲಯಕ್ಕೆ ತಾಯಿಯೊಬ್ಬರು ಎಂಜಿನಿಯರಿಂಗ್ ಓದುತ್ತಿದ್ದ ಮಗನನ್ನು ಕರೆತಂದರು. “ಡಾಕ್ಟ್ರೇ, ಇವನಿಗೆ ಓದಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲ, ಬ್ರಾಹ್ಮಿ ಲೇಹ್ಯ ಕೊಡಿ” ಎಂದರು. ಹುಡುಗನ ದೂರುಗಳೇ ಬೇರೆ: ಎದೆಬಡಿತ, ಹುಳಿತೇಗು, ಪರೀಕ್ಷೆಯ ನೆನಪಾದರೆ ಅಂಗೈ ಬೆವರುವುದು. ಬಾಡಿಗೆ ಕೋಣೆಯ ವಾಸ. ರಾತ್ರಿ ಎರಡರವರೆಗೆ ಓದು, ನಡುವೆ ಮೂರು ಲೋಟ ಕಾಫಿ, ಬೆಳಿಗ್ಗೆ ಬರಿಹೊಟ್ಟೆ. ತಾಯಿಯವರನ್ನು ತುಸು ಹೊರಗೆ ಕೂರಲು ಕೋರಿದ ಮೇಲೆ ಇನ್ನೊಂದು ಮಾತು ಬಂತು: ಎರಡು ವಿಷಯಗಳಲ್ಲಿ ಅನುತ್ತೀರ್ಣನಾದುದನ್ನು ಅವನು ಮನೆಯಲ್ಲಿ ಹೇಳಿರಲಿಲ್ಲ.

ಲೇಹ್ಯವನ್ನು ನಾವು ಕೊಡಲಿಲ್ಲ. ಚರಕ ಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯದಲ್ಲಿ ತಡೆಯಬಾರದ 13 ವೇಗಗಳನ್ನು ಹೇಳಿದೆ. ಮಲಮೂತ್ರಗಳ ವಿಚಾರ ಎಲ್ಲರಿಗೂ ಗೊತ್ತು. ಹಸಿವು, ನಿದ್ದೆ, ಕಣ್ಣೀರು ಕೂಡ ಅದೇ ಪಟ್ಟಿಯಲ್ಲಿವೆ ಎಂಬುದನ್ನು ಗಮನಿಸುವವರು ವಿರಳ. ನಿದ್ದೆ ತಡೆದರೆ ಆಕಳಿಕೆ, ಮೈನೋವು, ತಲೆಯ ರೋಗ, ಕಣ್ಣಿನ ಭಾರ. ಅದಕ್ಕೆ ಆಚಾರ್ಯರು ಹೇಳುವ ಚಿಕಿತ್ಸೆ ನಿದ್ದೆ ಮತ್ತು ಮೈ ಒತ್ತುವುದು. ತಡೆಯಬೇಕಾದವುಗಳನ್ನೂ ಅಲ್ಲಿಯೇ ಎಣಿಸಿದ್ದಾರೆ: ಭಯ, ಶೋಕ, ಕ್ರೋಧ, ಲೋಭ ಮುಂತಾದವು. ನಮ್ಮ ಮನೆಗಳಲ್ಲಿ ಇದು ತಿರುಗುಮುರುಗಾಗಿದೆ. ಗಂಡುಹುಡುಗ ಅಳಬಾರದೆನ್ನುತ್ತೇವೆ, ಅಂಕಗಳ ಭಯವನ್ನು ನಾವೇ ನೀರೆರೆದು ಬೆಳೆಸುತ್ತೇವೆ.

ಕಾಫಿಯ ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು 5 ತಾಸು ಬೇಕು. ರಾತ್ರಿ ಹತ್ತಕ್ಕೆ ಕುಡಿದವನು ಎರಡಕ್ಕೆ ಮಲಗಿದರೂ ನಿದ್ದೆ ಹತ್ತುವುದು ಕಷ್ಟ. ಆದ್ದರಿಂದ ಮಧ್ಯಾಹ್ನದ ಬಳಿಕ ಕಾಫಿ ಬೇಡ, ಹನ್ನೊಂದಕ್ಕೆ ದೀಪ ಆರಿಸು, ಮಲಗುವ ಮುನ್ನ ಅಂಗಾಲಿಗೆ ಎಳ್ಳೆಣ್ಣೆ ತಿಕ್ಕು, ಬೆಳಿಗ್ಗೆ ಅರ್ಧ ತಾಸು ನಡೆದು ಬಂದು ಬಿಸಿಬಿಸಿ ಏನಾದರೂ ಉಣ್ಣು ಎಂದೆವು. ಅಂದಿನ ಮುಖ್ಯ ಚಿಕಿತ್ಸೆ ಬೇರೆಯೇ ಇತ್ತು. ನಮ್ಮ ಮಾತಿಗೊಪ್ಪಿ ಹುಡುಗ ತಾಯಿಗೆ ವಿಷಯ ತಿಳಿಸಿದ, ಅತ್ತ, ತಾಯಿಯವರೂ ಅತ್ತರು. ನಾವು ತಡೆಯಲಿಲ್ಲ. ಮೂರು ವಾರಗಳಲ್ಲಿ ಹುಳಿತೇಗು ನಿಂತು ನಿದ್ದೆ ಕೂಡಿಬಂತು. ಆ ಎರಡು ಪರೀಕ್ಷೆಗಳು ಇನ್ನೂ ಬಾಕಿ ಇವೆ.

ಅಶ್ವಗಂಧವನ್ನು ಯಾರೋ ಹೇಳಿದರೆಂದು ಅಂಗಡಿಯಿಂದ ತರಬೇಡಿ. ಥೈರಾಯ್ಡ್ ಅಥವಾ ನಿದ್ದೆಯ ಮಾತ್ರೆ ಸೇವಿಸುವವರಂತೂ ವೈದ್ಯರನ್ನು ಕೇಳದೆ ಮುಟ್ಟಬಾರದು.

ಮಗು “ಬದುಕಿ ಏನು ಫಲ” ಎಂದರೆ, ತನ್ನ ಪ್ರಿಯ ವಸ್ತುಗಳನ್ನು ಹಂಚತೊಡಗಿದರೆ, ಕಷಾಯ ಕುದಿಸುತ್ತ ಒಂದು ದಿನವನ್ನೂ ಕಳೆಯಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ವೃತ್ತಿಯ ಆರಂಭದಲ್ಲಿ ನಾವೂ ಹಾಗೆ ಕೇಳದೆ ಪಿತ್ತದ ಔಷಧ ಕೊಟ್ಟು ಕಳುಹಿಸಿದ್ದುಂಟು. ಇಂದಿಗೂ ಅದು ಚುಚ್ಚುತ್ತದೆ. ಅಂಥ ಮಗುವನ್ನು ಒಂಟಿಯಾಗಿ ಬಿಡದೆ ಮೆಗ್ಗಾನ್ ಆಸ್ಪತ್ರೆಗೆ ಕರೆದೊಯ್ದು ಮನೋವೈದ್ಯರಿಗೆ ತೋರಿಸಿರಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.