ನೀರು ಹೊಸದು, ಮಣ್ಣು ಹಳೆಯದು
ವಿಜಯಪುರ ಜಿಲ್ಲೆಯ ಮುಳವಾಡ ಸೀಮೆಯಲ್ಲಿ ಬಹುವಾರ್ಷಿಕ ಗಿಡ ಆರಿಸುವವರು ಮೊದಲು ನೋಡಬೇಕಾದದ್ದು ಏನು?

ಮೃಗಶಿರ ಮಳೆ ಒಂದು ಹದ ಬಿದ್ದರೆ ಸಾಕು, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಸಂತೆ ದಿನ ರಸ್ತೆ ಬದಿಯಲ್ಲಿ ಸಸಿ ತುಂಬಿದ ಗಾಡಿಗಳು ನಿಲ್ಲುತ್ತವೆ. ಗುಲಾಬಿ, ದಾಸವಾಳ, ಕಸಿ ಮಾವು, ಚಿಕ್ಕು, ಪೇರಲ, ಲಿಂಬೆ. ಅವುಗಳಲ್ಲಿ ಎಷ್ಟೋ ಗಿಡ ಆಂಧ್ರದ ಗೋದಾವರಿ ದಂಡೆಯ ಕಡಿಯಂ ನರ್ಸರಿಗಳಿಂದ ಲಾರಿ ಏರಿ ಬಂದವು. ಕೊಳ್ಳುವವರು ಕೇಳುವುದು ಮೂರೇ ಮಾತು: ಹೂವು ಎಷ್ಟು ದೊಡ್ಡದು, ಕಾಯಿ ಯಾವಾಗ ಬಿಡುತ್ತದೆ, ರೇಟು ಎಷ್ಟು. ‘ನಿಮ್ಮ ಹಿತ್ತಲದ ಮಣ್ಣು ಎಂಥಾದ್ರಿ?’ ಎಂದು ಮಾರುವವನು ಕೇಳುವುದಿಲ್ಲ, ಕೊಳ್ಳುವವರು ತಾವಾಗಿ ಹೇಳುವುದೂ ಇಲ್ಲ.

ಮನೆಗೆ ತಂದ ಸಸಿಯ ಪ್ಲಾಸ್ಟಿಕ್ ಚೀಲ ಹರಿದರೆ ಬೇರು ತಬ್ಬಿಕೊಂಡಿರುವುದು ಕೆಂಪು ಮಣ್ಣಿನ ಉಂಡೆ. ಅದನ್ನು ಇಳಿಸುವುದು ಕಪ್ಪು ಯರಿ ಮಣ್ಣಿನ ಗುಂಡಿಗೆ. ಮಳೆಗಾಲದಲ್ಲಿ ಯರಿ ಉಬ್ಬಿ, ನೀರು ಕೆಳಗೆ ಇಳಿಯದೆ ಗುಂಡಿಯಲ್ಲೇ ನಿಲ್ಲುತ್ತದೆ. ಮಾರ್ಚ್ ಬರುವಷ್ಟರಲ್ಲಿ ಅದೇ ಯರಿ ಕುಗ್ಗಿ, ಕೆಂಪು ಉಂಡೆಯಿಂದ ದೂರ ಸರಿದು, ನಡುವೆ ಬೆರಳು ಹೋಗುವಷ್ಟು ಸಂದು ಬಿಡುತ್ತದೆ. ಎಳೆ ಬೇರು ಹರಿದು, ಉಳಿದದ್ದು ಗಾಳಿಗೆ ಬಿದ್ದು ಒಣಗುತ್ತದೆ. ಗಿಡ ಬಿಸಿಲಿಗೆ ಹೋಯಿತು ಎಂದು ಮನೆಯವರು ಮಾತಾಡಿಕೊಳ್ಳುತ್ತಾರೆ. ಅದು ಹೋದದ್ದು ಮಣ್ಣಿನಿಂದ.

ಈ ತಪ್ಪು ಈಗ ಹೆಚ್ಚು ದುಬಾರಿ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟಾಗ ಈ ಸೀಮೆಯ ಬಹುಪಾಲು ಹೊಲಗಳಿಗೆ ಮಳೆಯೇ ಗತಿ. ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್, ಅದೂ ಬಂದರೆ ಬಂತು. ಈಗ ಮುಳವಾಡದ ಹೆಸರು ಹೊತ್ತ ಏತ ನೀರಾವರಿ ಯೋಜನೆ ಕೃಷ್ಣೆಯ ಹಿನ್ನೀರನ್ನು ಎತ್ತಿ ಕಾಲುವೆಗೆ, ಕೆರೆಗೆ ಹರಿಸುತ್ತಿದೆ. ಜೋಳ, ಕಡಲೆ, ಕುಸುಬಿ ಬೆಳೆಯುತ್ತಿದ್ದ ಹೊಲದಲ್ಲಿ ತೋಟದ ಮಾತು ಶುರುವಾಗಿದೆ. ಹಿಂಗಾರಿ ಜೋಳ ಕೈಕೊಟ್ಟರೆ ಒಂದು ವರ್ಷದ ನಷ್ಟ. ತಪ್ಪು ನೆಲದಲ್ಲಿ ಇಟ್ಟ ಲಿಂಬೆ ಗಿಡ ಐದಾರು ವರ್ಷ ನೀರು, ಗೊಬ್ಬರ, ಆಳು ತಿಂದು ಆಮೇಲೆ ಕೈಕೊಡುತ್ತದೆ.

ಒಂದೇ ಊರು, ಮೂರು ನೆಲ

ಇಲ್ಲಿನ ರೈತರ ಬಾಯಲ್ಲೇ ನೆಲದ ವಿಂಗಡಣೆ ಇದೆ. ಯರಿ ಎಂದರೆ ಆಳವಾದ ಕಪ್ಪು ಭೂಮಿ, ಬಸಾಲ್ಟ್ ಕಲ್ಲು ಸಾವಿರಾರು ವರ್ಷ ಕರಗಿ ಆದದ್ದು. ಮಸಾರಿ ಎಂದರೆ ಹಗುರ ಮಣ್ಣು, ಅದರ ಇನ್ನೂ ಬಡ ತಮ್ಮ ಮಡ್ಡಿ: ಒಂದು ಮೊಳ ಅಗೆದರೆ ಗರಸು ಸಿಗುವ ಜಾಗ. ಮೂರನೆಯದು ಸವಳು, ಬೇಸಿಗೆಯಲ್ಲಿ ಮೇಲೆ ಬಿಳಿ ಉಪ್ಪು ಕಟ್ಟುವ ನೆಲ. ಮೂರೂ ಒಂದೇ ಊರಿನ ಸರಹದ್ದಿನಲ್ಲಿ, ಕೆಲವೊಮ್ಮೆ ಒಂದೇ ಹೊಲದ ಮೇಲಿನ ತುದಿ, ಕೆಳಗಿನ ತುದಿಯಲ್ಲಿ ಸಿಗುತ್ತವೆ.

ಜೋಳದ ಲೆಕ್ಕದಲ್ಲಿ ಯರಿಯೇ ಶ್ರೀಮಂತ, ಮಡ್ಡಿ ಬಡವ. ಹಿಂಗಾರಿಯಲ್ಲಿ ಮಳೆ ನಿಂತ ಮೇಲೂ ಯರಿ ತನ್ನೊಳಗಿನ ಹಸಿಯಲ್ಲೇ ಜೋಳವನ್ನು ತೆನೆಗೆ ತರುತ್ತದೆ. ಬಹುವಾರ್ಷಿಕ ಗಿಡಗಳ ಲೆಕ್ಕದಲ್ಲಿ ಈ ಶ್ರೇಣಿ ಎಷ್ಟೋ ಸಲ ತಲೆಕೆಳಗು. ಜೋಳದ ಬೇರಿಗೆ ಯರಿಯಲ್ಲಿ ನಾಲ್ಕೈದು ತಿಂಗಳ ಬಾಳು ಸಾಕು. ಹಣ್ಣಿನ ಗಿಡದ ಬೇರು ಹನ್ನೆರಡು ತಿಂಗಳೂ ಅಲ್ಲೇ ಇರಬೇಕು: ಮಳೆಗಾಲದಲ್ಲಿ ಉಸಿರು ಕಟ್ಟುವ ಕೆಸರಲ್ಲಿ, ಬೇಸಿಗೆಯಲ್ಲಿ ಬಿರುಕಿನ ನಡುವೆ.

ಲಿಂಬೆ ಕಲಿಸಿದ ಪಾಠ

ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿತು. ರಾಜ್ಯ ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿ ಇರುವುದೂ ಇಂಡಿಯಲ್ಲೇ. ತೆಳು ಸಿಪ್ಪೆಯ, ರಸ ತುಂಬಿದ ಈ ಕಾಗ್ಝಿ ಲಿಂಬೆ ಇಲ್ಲಿ ಒಗ್ಗಿದ್ದಕ್ಕೆ ಒಣ ಹವೆ ಒಂದು ಕಾರಣ, ನೀರು ನಿಲ್ಲದ ಹಗುರ ನೆಲ ಇನ್ನೊಂದು.

ಲಿಂಬೆ ತೋಟದ ಗುಟ್ಟು ‘ಬಹಾರ’ದಲ್ಲಿದೆ. ಬೇಸಿಗೆಯಲ್ಲಿ ಹಣ್ಣಿಗೆ ಒಳ್ಳೆಯ ರೇಟು. ಆ ಹೊತ್ತಿಗೆ ಕಾಯಿ ಬರಬೇಕಾದರೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಹೂ ಕಚ್ಚಬೇಕು, ಇದು ಹಸ್ತ ಬಹಾರ. ಅದಕ್ಕಾಗಿ ಗಿಡಕ್ಕೆ ಕೆಲವು ವಾರ ನೀರು ನಿಲ್ಲಿಸಿ, ಎಲೆ ಬಾಡಿಸಿ, ಆಮೇಲೆ ಗೊಬ್ಬರ ಕೊಟ್ಟು ನೀರು ಬಿಡುತ್ತಾರೆ. ಗಿಡ ಮೈತುಂಬ ಹೂ ಬಿಡುತ್ತದೆ. ಹಗುರ ನೆಲದಲ್ಲಿ ಎರಡು–ಮೂರು ವಾರಕ್ಕೆ ಗಿಡ ಬಾಡುತ್ತದೆ. ಜಿಗುಟು ಕಪ್ಪು ನೆಲದಲ್ಲಿ ನಾಲ್ಕರಿಂದ ಆರು ವಾರ ಬೇಕು. ನಡುವೆ ಒಂದು ಮಳೆ ಬಿದ್ದರೆ ಲೆಕ್ಕ ಮತ್ತೆ ಮೊದಲಿಂದ.

ಯರಿಯ ಇನ್ನೊಂದು ಕಾಟ ಅಂಟು ಸೋರುವ ರೋಗ. ಬುಡದಲ್ಲಿ ಹಸಿ ನಿಂತರೆ ಶಿಲೀಂಧ್ರ ಸೇರಿ ತೊಗಟೆ ಸೀಳಿ ಅಂಟು ಒಸರುತ್ತದೆ, ಬೇರು ಕೊಳೆಯುತ್ತದೆ. ಸುಣ್ಣದ ಹರಳು ಹೆಚ್ಚಿರುವ ಕಡೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಸುಣ್ಣ ಅದನ್ನು ಬೇರಿಗೆ ಸಿಗದಂತೆ ಮಾಡಿರುತ್ತದೆ. ಇದಕ್ಕೆ ಯೂರಿಯಾ ಸುರಿಯುವವರಿದ್ದಾರೆ, ಅದು ತಪ್ಪು ಔಷಧ.

ಇಷ್ಟರಿಂದ ಯರಿಯಲ್ಲಿ ಗಿಡವೇ ಬೇಡ ಎಂದಲ್ಲ. ಹುಣಸೆ, ನೇರಳೆ, ಬೇವು, ಬಾರಿ ಅಲ್ಲೂ ಗಟ್ಟಿಯಾಗಿ ನಿಲ್ಲುತ್ತವೆ. ಲಿಂಬೆಯನ್ನೇ ಇಡಬೇಕೆಂದರೆ ಸಾಲಿನುದ್ದಕ್ಕೂ ಒಂದು ಅಡಿ ಏರು ಕಟ್ಟಿ ಅದರ ಮೇಲೆ ಇಡಬೇಕು, ನಡುವೆ ನೀರು ಹೊರಹೋಗಲು ಬಸಿಗಾಲುವೆ ಬೇಕು. ಮಡ್ಡಿಯಲ್ಲಿ ಇದಕ್ಕೆ ತಿರುಗಾಮುರುಗಾ: ಗಿಡ ತುಸು ತಗ್ಗಿನಲ್ಲಿರಬೇಕು, ಸುತ್ತ ಪಾತಿ ಕಟ್ಟಿ ಬಿದ್ದ ಹನಿಯನ್ನೆಲ್ಲ ಬುಡಕ್ಕೆ ಸೇರಿಸಬೇಕು. ಯರಿಗೆ ಏರು, ಮಡ್ಡಿಗೆ ತಗ್ಗು. ಎರಡೂ ಕಡೆ ಒಂದೇ ನಮೂನೆಯ ಗುಂಡಿ ತೋಡಿದರೆ ಒಂದು ಕಡೆ ಗಿಡ ಕೊಳೆಯುತ್ತದೆ, ಇನ್ನೊಂದು ಕಡೆ ಒಣಗುತ್ತದೆ.

ಮಡ್ಡಿಯ ಬಳಗ

ಮಡ್ಡಿಗೆ ಹೇಳಿ ಮಾಡಿಸಿದ ಗಿಡಗಳಿಗೆ ಒಂದು ಸಮಾನ ಗುಣವಿದೆ: ಬಿಸಿಲು ಏರಿದಾಗ ಅವು ವ್ಯವಹಾರ ಮುಚ್ಚುತ್ತವೆ. ಬಾರಿ ಗಿಡ ಬೇಸಿಗೆಯಲ್ಲಿ ಎಲೆ ಉದುರಿಸಿ ನಿಲ್ಲುತ್ತದೆ. ಆಗಲೇ ಅದನ್ನು ಸವರಿದರೆ ಮಳೆಗೆ ಹೊಸ ಚಿಗುರು ಬಂದು ಸಂಕ್ರಾಂತಿ ಹೊತ್ತಿಗೆ ಹಣ್ಣು. ಸೀತಾಫಲವೂ ಹಾಗೆಯೇ, ಬೋಳಾಗಿ ಬೇಸಿಗೆ ಕಳೆದು ಮೊದಲ ಮಳೆಗೆ ಚಿಗುರಿ ದಸರೆ–ದೀಪಾವಳಿಗೆ ಹಣ್ಣು ಕೊಡುತ್ತದೆ. ಇವುಗಳ ವರ್ಷದ ಪಂಚಾಂಗವೂ ಮಳೆಯ ಪಂಚಾಂಗವೂ ಒಂದೇ ಆಗಿರುವುದರಿಂದ ಬರದ ವರ್ಷದಲ್ಲಿ ಫಸಲು ಕಡಿಮೆಯಾದರೂ ಗಿಡ ಉಳಿಯುತ್ತದೆ. ಸದಾ ಹಸಿರು ಬಯಸುವ ಲಿಂಬೆಯನ್ನು ಬರದಲ್ಲಿ ಉಳಿಸಿಕೊಳ್ಳಲು ಇದೇ ಸೀಮೆಯ ರೈತರು ಟ್ಯಾಂಕರ್ ನೀರಿಗೆ ದುಡ್ಡು ಸುರಿದಿದ್ದಾರೆ.

ದಾಳಿಂಬೆಯೂ ಗರಸು ನೆಲದ ಗೆಳೆಯ. ಭೀಮೆಯ ಆಚೆ ಸೊಲ್ಲಾಪುರದಲ್ಲಿ 2005ರಿಂದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರವಿದೆ. ಕೆಂಪು ಕಾಳಿನ ‘ಭಗವಾ’ ತಳಿ ಎರಡೂ ದಂಡೆಗಳಲ್ಲಿ ಹರಡಿದೆ. ಆದರೆ ಈ ಗಿಡಕ್ಕೆ ಹಸಿ ಹವೆ ಆಗದು. ಮಳೆಗಾಲದಲ್ಲಿ ಕಾಯಿ ಹಿಡಿದರೆ ದುಂಡಾಣು ಅಂಗಮಾರಿ, ಆಳದ ಯರಿಯಲ್ಲಿ ನೀರು ಹೆಚ್ಚಾದರೆ ಸೊರಗು ರೋಗ. ಕಾಲುವೆ ಬಂತೆಂದು ಬುಡ ತೋಯಿಸುತ್ತಲೇ ಇರುವವರು ದಾಳಿಂಬೆಗೆ ಕೈ ಹಾಕದಿರುವುದೇ ಲೇಸು.

ಬೇಕಾದ ತಳಿಗೆ ನೆಲ ಒಗ್ಗದ ತೊಡಕಿಗೆ ದ್ರಾಕ್ಷಿ ಬೆಳೆಗಾರರು ಜಾಣ ದಾರಿ ಹುಡುಕಿಕೊಂಡರು. ಮೇಲೆ ಬೇಕಾದ ತಳಿ, ಕೆಳಗೆ ನೆಲಕ್ಕೆ ಒಗ್ಗುವ ಬೇರು. ಥಾಮ್ಸನ್ ಸೀಡ್‌ಲೆಸ್ ಕಡ್ಡಿಯನ್ನು ‘ಡಾಗ್‌ರಿಡ್ಜ್’ ಬೇರಿನ ಮೇಲೆ ಕಸಿ ಮಾಡುವುದು ಈಗ ರೂಢಿ. ಅಮೆರಿಕದ ಟೆಕ್ಸಾಸ್‌ನ ಕಾಡು ದ್ರಾಕ್ಷಿಯಿಂದ ಬಂದ ಈ ಬೇರು ನೀರಿನ ಕೊರತೆ, ಉಪ್ಪು ಎರಡನ್ನೂ ತಾಳುತ್ತದೆ. ಲಿಂಬೆ ಜಾತಿಯಲ್ಲಿ ರಂಗಪುರ ಲಿಂಬೆಯ ಬೇರಿಗೂ ಇಂಥದೇ ತಾಳಿಕೆ ಇದೆ. ನರ್ಸರಿಯಲ್ಲಿ ಮೇಲಿನ ತಳಿಯ ಹೆಸರು ಕೇಳುವವರು ಕೆಳಗಿನ ಬೇರಿನ ಹೆಸರನ್ನೂ ಕೇಳಬೇಕು.

ಡೋಣಿಯ ಉಪ್ಪು

ಮಹಾರಾಷ್ಟ್ರದ ಜತ್ತ ತಾಲ್ಲೂಕಿನಲ್ಲಿ ಹುಟ್ಟಿ ವಿಜಯಪುರ ಜಿಲ್ಲೆಯನ್ನು ಹಾಯ್ದು ಕೃಷ್ಣೆ ಸೇರುವ ಡೋಣಿ, ಜೋಳದ ಕಣಜವೆಂದು ಹೆಸರಾದ ಹೊಳೆ. ದಂಡೆಯ ಯರಿ ಅಷ್ಟು ಫಲವತ್ತು. ನೀರು ಮಾತ್ರ ಸವಳು. ಇಂಥ ನೀರಿಗೆ ಲಿಂಬೆ, ಮಾವು, ಗುಲಾಬಿ ಮೊದಲು ಸೋಲುತ್ತವೆ. ಎಲೆಯ ಅಂಚು ಸುಟ್ಟಂತೆ ಕಂದಾಗುವುದು ಮೊದಲ ಸೂಚನೆ. ಚಿಕ್ಕು, ಬಾರಿ, ಖರ್ಜೂರ, ಹೊಂಗೆ, ಕರಿಜಾಲಿ ಇವು ಉಪ್ಪನ್ನು ಸಾಕಷ್ಟು ತಾಳುತ್ತವೆ.

ಕಾಲುವೆ ನೀರು ಸಿಹಿಯಲ್ಲವೇ, ಸವಳಿನ ಭಯ ಏಕೆ ಎನ್ನುವವರಿಗೆ ಒಂದು ಎಚ್ಚರಿಕೆ. ಬಸಿದು ಹೋಗಲು ದಾರಿ ಇಲ್ಲದ ಯರಿಗೆ ಸಿಹಿ ನೀರನ್ನೇ ಅತಿಯಾಗಿ ಹಾಯಿಸಿದರೂ ನೆಲದೊಳಗಿನ ಉಪ್ಪು ಕರಗಿ ಮೇಲೇರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಉಳಿಯುತ್ತದೆ. ಹನಿ ನೀರಾವರಿ ಇಲ್ಲಿ ನೀರು ಉಳಿಸುವುದಕ್ಕಿಂತ ನೆಲ ಉಳಿಸುವ ಉಪಾಯ.

ಹಿತ್ತಲದ ನಾಲ್ಕು ದಿಕ್ಕು

ಹೊಲವಿಲ್ಲದವರಿಗೂ ಹಿತ್ತಲ ಇದೆ, ಅಂಗಳ ಇದೆ. ಅಲ್ಲಿ ಮಣ್ಣಿನ ಜೊತೆ ಗೋಡೆಯ ದಿಕ್ಕೂ ಲೆಕ್ಕಕ್ಕೆ ಬರುತ್ತದೆ. ಏಪ್ರಿಲ್–ಮೇನಲ್ಲಿ 40 ಡಿಗ್ರಿ ದಾಟುವ ಊರುಗಳಲ್ಲಿ ಪಡುವಣ ಗೋಡೆ ಮಧ್ಯಾಹ್ನ ಕುಡಿದ ಬಿಸಿಯನ್ನು ರಾತ್ರಿ ಊಟದ ಹೊತ್ತಿನವರೆಗೂ ಉಗುಳುತ್ತಿರುತ್ತದೆ. ಅಲ್ಲಿ ಕಾಗದದ ಹೂ, ಕಣಗಿಲೆ, ದೇವಕಣಗಿಲೆ ಬಾಳುತ್ತವೆ. ಕಣಗಿಲೆಯ ಎಲೆ, ಹೂ, ಕಾಂಡವೆಲ್ಲ ವಿಷ, ಮಕ್ಕಳು ದನಕರು ಓಡಾಡುವ ಕಡೆ ಬೇಡ. ಬೆಳಗಿನ ಬಿಸಿಲು ಮಾತ್ರ ಬೀಳುವ ಮೂಡಣ ಬದಿಗೆ ದುಂಡುಮಲ್ಲಿಗೆ, ದಾಸವಾಳ, ನಂದಿಬಟ್ಟಲು. ಜೂನ್‌ನಿಂದ ಆಗಸ್ಟ್‌ವರೆಗೆ ಬೀಸುವ ಗಾಳಿಗೆ ನುಗ್ಗೆಯ ಮೆತ್ತನೆ ಕೊಂಬೆ ಮುರಿಯುತ್ತದೆ. ಅದನ್ನು ಮನೆಯ ಮರೆಯಲ್ಲಿ ಇಟ್ಟು, ವರ್ಷಕ್ಕೊಮ್ಮೆ ತಲೆ ಸವರಿ ಗಿಡ್ಡಗೆ ಇಡುವುದು ಲೇಸು. ಗಾಳಿ ಬರುವ ಬದಿಗೆ ಮದರಂಗಿಯ ಬೇಲಿ ಸಾಕು, ಅದಕ್ಕೆ ನೀರೂ ಹೆಚ್ಚು ಬೇಡ, ಆಡೂ ಸುಲಭವಾಗಿ ಮುಗಿಸದು.

ಬಚ್ಚಲ ನೀರು ಹರಿಯುವ ಮೂಲೆ ಹಿತ್ತಲದೊಳಗಿನ ಮಲೆನಾಡು. ಬಾಳೆ, ಕೆಸುವು, ಕ್ಯಾನಾ ಅಲ್ಲಿ ಸೊಕ್ಕಿ ಬೆಳೆಯುತ್ತವೆ. ಅದೇ ಮೂಲೆಯಲ್ಲಿ ಲಿಂಬೆ ಇಟ್ಟರೆ ಬೇರು ಕೊಳೆಯುತ್ತದೆ, ದಾಳಿಂಬೆಯ ಪಾಡೂ ಅಷ್ಟೇ.

ಒಗ್ಗಿದ್ದೆಲ್ಲ ಒಳ್ಳೆಯದಲ್ಲ

ನೆಲಕ್ಕೆ ಒಗ್ಗುವ ಗಿಡ ಊರಿನದೇ ಆಗಬೇಕೆಂದಿಲ್ಲ. ವಿಜಯಪುರ ನಗರದಲ್ಲಿ ಶತಮಾನಗಳಿಂದ ನಿಂತಿರುವ ‘ದೊಡ್ಡ ಹುಣಸೆ’ (ಬಾವೊಬಾಬ್) ಮರಗಳ ಮೂಲ ಆಫ್ರಿಕಾ. ಹಾವೇರಿ ಜಿಲ್ಲೆಯ ಸವಣೂರಿನ ಪ್ರಸಿದ್ಧ ಮೂರು ಮರಗಳೂ ಅದೇ ಜಾತಿ. ದಪ್ಪ ಕಾಂಡದಲ್ಲಿ ನೀರು ಕೂಡಿಟ್ಟು, ಬೇಸಿಗೆಯಲ್ಲಿ ಎಲೆ ಕಳಚಿ ನಿಲ್ಲುವ ಈ ಮರಕ್ಕೆ ಆಫ್ರಿಕಾದ ಒಣ ಬಯಲಿಗೂ ಈ ಒಣ ಬಯಲಿಗೂ ಭೇದ ಕಾಣಲಿಲ್ಲ.

ಅಮೆರಿಕದಿಂದ ಬಂದ ಬಳ್ಳಾರಿ ಜಾಲಿಯೂ ಒಗ್ಗಿತು, ಅತಿಯಾಗಿ ಒಗ್ಗಿತು. ಹಳ್ಳದ ದಂಡೆ, ಬೀಳು ಹೊಲ, ಕೆರೆಯ ಅಂಗಳ ಎಲ್ಲಿ ನೋಡಿದರೂ ಅದೇ. ದನ, ಆಡು ಕಾಯಿ ತಿಂದು ಬೀಜ ಹರಡುತ್ತವೆ. ಅದರ ಕೆಳಗೆ ಹುಲ್ಲೂ ಏಳುವುದಿಲ್ಲ. ಜಿಲ್ಲೆಯ ನೆಲದಲ್ಲಿ ಅರಣ್ಯ ಶೇಕಡಾ ಒಂದಕ್ಕಿಂತಲೂ ಕಡಿಮೆ ಇರುವಾಗ ಹಸಿರು ಯಾವುದಾದರೇನು ಎನಿಸಬಹುದು. ಬೇವು, ಹೊಂಗೆ, ನೇರಳೆ, ಹುಣಸೆ ಇದೇ ಬಿಸಿಲಲ್ಲಿ ಬೆಳೆದು ನೆರಳಿನ ಜೊತೆ ಹಣ್ಣು, ಎಣ್ಣೆಬೀಜವನ್ನೂ ಕೊಡುವಾಗ ಜಾಲಿಗೆ ಜಾಗ ಬಿಡುವ ಅಗತ್ಯವಿಲ್ಲ.

ಸಂತೆಗೆ ಹೋಗುವ ಮೊದಲು

ಗಿಡ ತರುವ ಮುನ್ನ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಗಿಡ ಇಡುವ ಜಾಗದಲ್ಲಿ ಎರಡು ಅಡಿ ಗುಂಡಿ ತೋಡಿ, ಸಂಜೆ ನೀರು ತುಂಬಿಸಿ. ಅದು ಇಂಗಿದ ಮೇಲೆ ಇನ್ನೊಮ್ಮೆ ತುಂಬಿಸಿ ಮಲಗಿ. ಬೆಳಿಗ್ಗೆ ನೀರು ನಿಂತೇ ಇದ್ದರೆ ಅದು ಏರು ಕಟ್ಟಬೇಕಾದ ಜಾಗ, ಲಿಂಬೆ–ದಾಳಿಂಬೆಗೆ ಒಲ್ಲದ ಜಾಗ. ಗುಂಡಿಯ ಗೋಡೆಯಲ್ಲಿ ಬಿಳಿ ಸುಣ್ಣದ ಹರಳು ಕಂಡರೆ ಅದನ್ನೂ ಬರೆದಿಟ್ಟುಕೊಳ್ಳಿ.

ತೋಟವನ್ನೇ ಮಾಡುವವರಿಗೆ ಇಷ್ಟು ಸಾಲದು. ಮಣ್ಣು ಪರೀಕ್ಷೆ ಬೇಕು. ಜೋಳಕ್ಕೆ ಮೇಲಿನ ಗೇಣು ಮಣ್ಣು ಕೊಟ್ಟರೆ ಸಾಕು. ಹಣ್ಣಿನ ಗಿಡಕ್ಕೆ ಒಂದು ಅಡಿ, ಎರಡು ಅಡಿ, ಮೂರು ಅಡಿ ಆಳದ ಮಣ್ಣನ್ನು ಬೇರೆ ಬೇರೆ ಚೀಲದಲ್ಲಿ, ತಲಾ ಅರ್ಧ ಕಿಲೋದಷ್ಟು ತೆಗೆದು, ನೆರಳಲ್ಲಿ ಒಣಗಿಸಿ, ಚೀಟಿ ಹಚ್ಚಿ ಒಯ್ಯಬೇಕು. ಜೊತೆಗೆ ಬೋರಿನ ನೀರಿನ ಒಂದು ಬಾಟಲಿ. ಇಂಡಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ವಿಜಯಪುರದಲ್ಲಿ ಕೃಷಿ ಮಹಾವಿದ್ಯಾಲಯವಿದೆ. ರಸಸಾರ, ಲವಣಾಂಶ, ಸುಣ್ಣದ ಅಂಶ ಈ ಮೂರರ ಅಂಕಿಯನ್ನು ಕೇಳಿ ಪಡೆಯಿರಿ. ಈ ಕೆಲಸ ಏಪ್ರಿಲ್‌ನಲ್ಲೇ ಮುಗಿದರೆ ಮೇ ಬಿಸಿಲಿಗೆ ಗುಂಡಿಯೂ ಕಾಯುತ್ತದೆ, ಜೂನ್ ಸಂತೆಯಲ್ಲಿ ಯಾವ ಗಾಡಿಯ ಮುಂದೆ ನಿಲ್ಲಬೇಕೆಂಬುದೂ ಗೊತ್ತಿರುತ್ತದೆ.