ಒಣಗಿದ ಮೂಗಿಗೆ ತುಸು ತೇವ

“ಬೇಡ ಕಣೇ, ಈ ಪೈಪು ತೆಗೆದುಬಿಡು. ಮೂಗೆಲ್ಲಾ ಉರೀತದೆ, ಒಳಗೆ ಮುಳ್ಳು ಚುಚ್ಚಿದ ಹಾಗಾಗ್ತದೆ.”

ಮನೆಯಲ್ಲಿ ಆಮ್ಲಜನಕ ತೆಗೆದುಕೊಳ್ಳುವ ಹಿರಿಯರಿದ್ದರೆ ಈ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಅತ್ತೆಯವರು ಇಷ್ಟು ಹೇಳಿದ ಮೇಲೆ ಸೊಸೆಯಾದವಳು ಏನು ಮಾಡಿಯಾಳು? “ಸ್ವಲ್ಪ ಹೊತ್ತು ತಾನೇ” ಅಂತ ಪೈಪು ತೆಗೆದಿಡುತ್ತಾಳೆ. ಆ ಸ್ವಲ್ಪ ಹೊತ್ತು ಬೆಳೆದು ಅರ್ಧ ದಿನವಾಗುತ್ತದೆ. ತೊಂದರೆ ಶುರುವಾಗುವುದೇ ಇಲ್ಲಿ.

ವರ್ಷಾನುಗಟ್ಟಲೆ ಸೌದೆ ಒಲೆಯ ಹೊಗೆ ಕುಡಿದೋ, ಬೀಡಿ ಸಿಗರೇಟು ಸೇದಿಯೋ ಶ್ವಾಸಕೋಶ ಕೆಟ್ಟು, ರಕ್ತದಲ್ಲಿ ಆಮ್ಲಜನಕ ತೀರಾ ಕಡಿಮೆಯಾದವರಿಗೆ ಡಾಕ್ಟರು ಮನೆಯಲ್ಲೇ ಆಮ್ಲಜನಕ ಬರೆದುಕೊಡುತ್ತಾರೆ. ಇಂಥವರು ದಿನಕ್ಕೆ 15 ಗಂಟೆಯಾದರೂ ಆಮ್ಲಜನಕ ಪಡೆದರೆ ಹೆಚ್ಚು ಕಾಲ ಬದುಕುತ್ತಾರೆಂದು 1981ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ತೋರಿಸಿತು. ಇಂದಿಗೂ ವೈದ್ಯರು ಆ ಲೆಕ್ಕವನ್ನೇ ಹಿಡಿದಿದ್ದಾರೆ. ಅಂದಮೇಲೆ ಮೂಗಿನ ಉರಿ ಸಣ್ಣ ಮಾತಲ್ಲ. ಆ ಉರಿಗೆ ಹೆದರಿ ಪೈಪು ತೆಗೆದಿಟ್ಟಷ್ಟೂ ಔಷಧಿಯ ಪ್ರಮಾಣ ಕಡಿಮೆಯಾದಂತೆಯೇ.

ಮೂಗು ಮಾಡುವ ಕೆಲಸ

ಮೂಗು ಬರೀ ಗಾಳಿ ಹೋಗುವ ತೂತಲ್ಲ. ಅದೊಂದು ಪುಟ್ಟ ಅಡುಗೆ ಮನೆ ಇದ್ದ ಹಾಗೆ. ಹೊರಗಿನ ಗಾಳಿಯನ್ನು ಬೆಚ್ಚಗೆ ಮಾಡಿ, ನೀರಿನಂಶ ಬೆರೆಸಿ, ಧೂಳು ಸೋಸಿ ಒಳಗೆ ಕಳಿಸುತ್ತದೆ. ಶ್ವಾಸಕೋಶದ ಆಳಕ್ಕೆ ಇಳಿಯುವ ಹೊತ್ತಿಗೆ ಗಾಳಿ 37 ಡಿಗ್ರಿ ಬೆಚ್ಚಗಾಗಿ, ಹಿಡಿಯಬಲ್ಲಷ್ಟು ತೇವವನ್ನೂ ಹಿಡಿದುಕೊಂಡಿರುತ್ತದೆ. ಮೂಗಿನ ಒಳಪದರದ ಮೇಲೆ ತೆಳುವಾದ ಲೋಳೆ ಇದೆ. ಕಣ್ಣಿಗೆ ಕಾಣದ ಸಣ್ಣ ಸಣ್ಣ ರೋಮಗಳು ಆ ಲೋಳೆಯನ್ನು ಧೂಳಿನ ಸಮೇತ ಗಂಟಲ ಕಡೆಗೆ ತಳ್ಳುತ್ತಲೇ ಇರುತ್ತವೆ.

ಸಿಲಿಂಡರಿನ ಆಮ್ಲಜನಕದಲ್ಲಾದರೋ ನೀರಿನಂಶ ಇಲ್ಲವೇ ಇಲ್ಲ ಎನ್ನಬಹುದು. ಮನೆಯ ಗಾಳಿಯಿಂದಲೇ ಸಾರಜನಕ ಬೇರ್ಪಡಿಸಿ ಆಮ್ಲಜನಕ ಕೊಡುವ ಕಾನ್ಸನ್‌ಟ್ರೇಟರ್ ಯಂತ್ರದಿಂದ ಬರುವುದೂ ಒಣ ಗಾಳಿಯೇ. ಇದು ಹಗಲು ರಾತ್ರಿ ಮೂಗಿನ ಒಂದೇ ಜಾಗಕ್ಕೆ ಬೀಸುತ್ತಿದ್ದರೆ ಬಿಸಿಲಿಗೆ ಹರವಿದ ಸಂಡಿಗೆಯ ಹಾಗೆ ಲೋಳೆ ಒಣಗಿ ಹಕ್ಕಳೆ ಕಟ್ಟುತ್ತದೆ. ರೋಮಗಳ ಕೆಲಸ ನಿಧಾನವಾಗುತ್ತದೆ. ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂಭಾಗದಲ್ಲಿ ನವಿರಾದ ರಕ್ತನಾಳಗಳು ಹೆಣೆದುಕೊಂಡಿವೆ. ಅಲ್ಲಿನ ಹಕ್ಕಳೆ ಕಿತ್ತರೆ ರಕ್ತ ಬರುತ್ತದೆ. ಬೇಸಿಗೆಯಲ್ಲಿ ಕಲಬುರಗಿ, ಬೀದರಿನಂಥ ಒಣ ಹವೆಯ ಊರುಗಳಲ್ಲಿ ಈ ಕಷ್ಟ ಇನ್ನೂ ಹೆಚ್ಚು.

ನೀರಿನ ಬಾಟಲಿ ಎಲ್ಲರಿಗೂ ಬೇಕೇ?

ಯಂತ್ರಕ್ಕೆ ಸಿಕ್ಕಿಸುವ, ಗುಳುಗುಳು ಸದ್ದು ಮಾಡುವ ನೀರಿನ ಬಾಟಲಿಯನ್ನು ನೀವು ನೋಡಿರಬಹುದು. ಅದಕ್ಕೆ ಹ್ಯೂಮಿಡಿಫೈಯರ್ ಎನ್ನುತ್ತಾರೆ. ಆಮ್ಲಜನಕ ನೀರಿನೊಳಗೆ ಗುಳ್ಳೆಗಳಾಗಿ ಹಾದು, ಒಂದಿಷ್ಟು ತೇವ ಹೊತ್ತು ಬರುತ್ತದೆ.

“ಬಾಟಲಿ ಇಲ್ಲದೆ ಆಮ್ಲಜನಕ ಕೊಡಲೇಬಾರದು” ಎಂದು ಬಹಳ ಮಂದಿ ನಂಬಿದ್ದಾರೆ. ಹಾಗೇನೂ ಇಲ್ಲ. ಮೂಗಿನ ಪೈಪಿನಲ್ಲಿ ನಿಮಿಷಕ್ಕೆ 4 ಲೀಟರಿನವರೆಗೆ ಹೋಗುತ್ತಿದ್ದರೆ ಸಾಮಾನ್ಯವಾಗಿ ಬಾಟಲಿ ಬೇಕಿಲ್ಲ ಎನ್ನುತ್ತಾರೆ ವೈದ್ಯರು. ಏಕೆಂದರೆ ಪ್ರತಿ ಉಸಿರಿನಲ್ಲೂ ಕೋಣೆಯ ಗಾಳಿಯೇ ಹೆಚ್ಚಾಗಿ ಬೆರೆಯುತ್ತದೆ. ಉಳಿದ ತೇವವನ್ನು ಮೂಗೇ ಕೊಡುತ್ತದೆ. ಅದಕ್ಕಿಂತ ಹೆಚ್ಚು ಹರಿವು ಇದ್ದರೆ, ಅಥವಾ ಕಡಿಮೆ ಹರಿವಿನಲ್ಲೂ ಮೂಗು ಒಣಗಿ ರಕ್ತ ಬರುತ್ತಿದ್ದರೆ ಬಾಟಲಿ ಉಪಯೋಗಕ್ಕೆ ಬರುತ್ತದೆ. ಕುತ್ತಿಗೆಯಲ್ಲಿ ತೂತು ಮಾಡಿ ಉಸಿರಾಟಕ್ಕೆ ದಾರಿ ಮಾಡಿದವರ ವಿಷಯವೇ ಬೇರೆ. ಅವರ ಉಸಿರು ಮೂಗನ್ನು ಮುಟ್ಟುವುದೇ ಇಲ್ಲವಾದ್ದರಿಂದ ಗಾಳಿಗೆ ತೇವ ಬೆರೆಸಲೇಬೇಕು. ಆ ಏರ್ಪಾಡನ್ನು ಆಸ್ಪತ್ರೆಯವರೇ ಹೇಳಿಕೊಡುತ್ತಾರೆ.

ಉರಿ ಹೆಚ್ಚೆಂದು ಹರಿವಿನ ಗುಂಡಿ ತಿರುಗಿಸಿ ಕಡಿಮೆ ಮಾಡುವುದು, ಏದುಸಿರು ಬಂತೆಂದು ಹೆಚ್ಚು ಮಾಡುವುದು ಎರಡೂ ತಪ್ಪು. ಕೆಲವು ಶ್ವಾಸಕೋಶದ ರೋಗಿಗಳಿಗೆ ಅತಿಯಾದ ಆಮ್ಲಜನಕವೂ ಅಪಾಯವೇ. ಡಾಕ್ಟರು ಬರೆದ ಅಂಕಿಯನ್ನು ಅವರನ್ನು ಕೇಳದೆ ಬದಲಿಸಕೂಡದು.

ಬಾಟಲಿಯ ಮಡಿ

ದೇವರ ಕಲಶದ ನೀರಿಗೆ ತೋರುವ ಶ್ರದ್ಧೆಯನ್ನೇ ಈ ಬಾಟಲಿಯ ನೀರಿಗೂ ತೋರಿಸಿ. ನಿಂತ ನೀರಿನಲ್ಲಿ ಹುಟ್ಟಿದ ರೋಗಾಣು ಉಸಿರಿನ ದಾರಿ ಸೇರಬಲ್ಲದು. 2021ರ ಕೊರೊನಾ ಎರಡನೇ ಅಲೆಯಲ್ಲಿ ಕಪ್ಪು ಶಿಲೀಂಧ್ರ ರೋಗ ಕಾಣಿಸಿಕೊಂಡಾಗ ಈ ಬಾಟಲಿಗಳ ಕೊಳಕು ನೀರಿನ ಮೇಲೂ ಕೆಲವರು ಅನುಮಾನಪಟ್ಟರು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಮತ್ತು ಸ್ಟೀರಾಯ್ಡ್ ಔಷಧಿಗಳೇ ಅದಕ್ಕೆ ಮುಖ್ಯ ಕಾರಣವೆಂದು ವೈದ್ಯರು ಹೇಳಿದರೂ, ಶುಚಿಯ ಪಾಠವನ್ನು ಮರೆಯುವಂತಿಲ್ಲ.

* ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಉತ್ತಮ. ಸಿಗದಿದ್ದರೆ ಚೆನ್ನಾಗಿ ಕುದಿಸಿ, ಮುಚ್ಚಿಟ್ಟು ಆರಿಸಿದ ನೀರು. ನಲ್ಲಿ ನೀರು, ಬೋರ್‌ವೆಲ್ ನೀರನ್ನು ಹಾಗೇ ಹಾಕಬೇಡಿ. ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಪದರ ಇಲ್ಲೂ ಕಟ್ಟುತ್ತದೆ. ಗಾಡಿಯ ಬ್ಯಾಟರಿಗೆ ಹಾಕುವ ನೀರಂತೂ ಬೇಡವೇ ಬೇಡ.
* ಬಾಟಲಿಯ ಮೇಲಿನ ಎರಡು ಗೆರೆಗಳ ನಡುವೆ ನೀರಿರಲಿ. ಹೆಚ್ಚಾದರೆ ನೀರು ಪೈಪಿಗೆ ನುಗ್ಗುತ್ತದೆ.
* ಕಡಿಮೆಯಾಯಿತೆಂದು ಹಳೆಯ ನೀರಿನ ಮೇಲೆ ಹೊಸದು ಸುರಿಯಬೇಡಿ. ದಿನವೂ ಪೂರ್ತಿ ಚೆಲ್ಲಿ, ತೊಳೆದು, ಹೊಸ ನೀರು ತುಂಬಿ.
* ಸಾಬೂನು ನೀರಿನಲ್ಲಿ ತೊಳೆದ ಮೇಲೆ, ವಾರಕ್ಕೊಮ್ಮೆಯಾದರೂ 1 ಪಾಲು ಬಿಳಿ ವಿನಿಗರ್‌ಗೆ 3 ಪಾಲು ನೀರು ಬೆರೆಸಿ ಅರ್ಧ ಗಂಟೆ ನೆನೆಸಿ. ವಾಸನೆ ಹೋಗುವಂತೆ ಜಾಲಾಡಿಸಿ, ಒಣಗಿಸಿ. ಯಂತ್ರದ ಪುಸ್ತಕದಲ್ಲಿ ಬೇರೆ ಕ್ರಮ ಹೇಳಿದ್ದರೆ ಅದನ್ನೇ ಅನುಸರಿಸಿ.
* ಮುಚ್ಚಳ ಓರೆಯಾಗಿ ಕೂತರೆ ಆಮ್ಲಜನಕ ಅಲ್ಲೇ ಸೋರಿ ಮೂಗಿಗೆ ಬರುವುದೇ ಇಲ್ಲ. ಬಾಟಲಿ ಜೋಡಿಸಿದ ಮೇಲೆ ಪೈಪಿನ ತುದಿಯನ್ನು ಲೋಟದ ಶುದ್ಧ ನೀರಿಗೆ ಅದ್ದಿ ನೋಡಿ. ಗುಳ್ಳೆ ಬಂದರೆ ಸರಿ. ತುದಿ ಒರೆಸಿ ಹಾಕಿ.

ತುಪ್ಪ, ಎಣ್ಣೆ ಸವರುವ ಮುನ್ನ

ಮೂಗು ಒಣಗಿದರೆ ನಮ್ಮ ಕೈ ಮೊದಲು ಹೋಗುವುದು ತುಪ್ಪದ ಗಿಂಡಿಗೆ, ಇಲ್ಲವೇ ಕೊಬ್ಬರಿ ಎಣ್ಣೆಗೆ. ಈಗಿನ ಮನೆಗಳಲ್ಲಿ ವ್ಯಾಸಲಿನ್, ವಿಕ್ಸ್ ಇದ್ದೇ ಇರುತ್ತವೆ. ಆಮ್ಲಜನಕ ಹಾಕಿಕೊಂಡವರಿಗೆ ಇವು ಯಾವುವೂ ಸಲ್ಲವು. ಒಂದನೆಯದಾಗಿ, ಆಮ್ಲಜನಕ ಹೆಚ್ಚಿದ್ದ ಕಡೆ ಜಿಡ್ಡಿಗೆ ಕಿಡಿ ತಗಲಿದರೆ ಭಗ್ಗನೆ ಉರಿಯುತ್ತದೆ. ಎರಡನೆಯದಾಗಿ, ಮೂಗಿಗೆ ದಿನಾ ಸವರಿದ ಜಿಡ್ಡು ಉಸಿರಿನ ಜೊತೆ ಒಳಗಿಳಿದರೆ ಶ್ವಾಸಕೋಶದಲ್ಲಿ ಒಂದು ಬಗೆಯ ನ್ಯುಮೋನಿಯ ಆಗುವುದುಂಟು.

ಬದಲಿಗೆ ಮೆಡಿಕಲ್ ಸ್ಟೋರಿನ ಸಲೈನ್ ಹನಿ, ಅಂದರೆ ಶುದ್ಧ ಉಪ್ಪುನೀರಿನ ಹನಿಯನ್ನು ದಿನಕ್ಕೆ ಮೂರು ನಾಲ್ಕು ಸಲ ಹಾಕಬಹುದು. ಕಟ್ಟಿದ ಮೂಗು ಬಿಡಿಸುವ ಔಷಧಿಯ ಹನಿಯೇ ಬೇರೆ, ಅದನ್ನು ತಂದುಬಿಟ್ಟೀರಿ! ಹೊಳ್ಳೆಯ ಅಂಚಿಗೆ ಸವರಲು ಜಿಡ್ಡಿಲ್ಲದ, ನೀರಿನಂಶದ ಜೆಲ್ ಕೇಳಿ ಪಡೆಯಿರಿ. ಹೃದಯ, ಮೂತ್ರಪಿಂಡದ ತೊಂದರೆಗಾಗಿ ನೀರು ಮಿತ ಮಾಡಿ ಎಂದು ಡಾಕ್ಟರು ಹೇಳಿಲ್ಲದಿದ್ದರೆ ಆಗಾಗ ನೀರು, ಮಜ್ಜಿಗೆ ಕುಡಿಸಿ.

ಪೈಪಿನ ಎರಡು ಕೊಂಬುಗಳ ಬಾಗು ಮೂಗಿನ ಒಳದಾರಿಗೆ ಹೊಂದುವಂತಿರಲಿ. ತಿರುಗುಮುರುಗು ಹಾಕಿದರೆ ಗಾಳಿ ನೇರ ಗೋಡೆಗೇ ಬಡಿಯುತ್ತದೆ. ಮೂಗುಬಟ್ಟು ಪೈಪಿಗೆ ಒತ್ತಿ ಗಾಯವಾಗುತ್ತಿದ್ದರೆ, ಅಜ್ಜಿಯನ್ನು ಒಲಿಸಿ ಕೆಲ ಕಾಲ ತೆಗೆದಿಡಿ. ಕಿವಿಯ ಹಿಂದೆ ಪೈಪು ಉಜ್ಜುವ ಕಡೆ ಮೆತ್ತನೆಯ ಬಟ್ಟೆ ಸುತ್ತಿ. ಪೈಪು ಗಟ್ಟಿಯಾದರೆ, ನೆಗಡಿ ಬಂದು ಹೋದರೆ ಹೊಸದು ಹಾಕಿ.

ಇನ್ನೊಂದು ಮಾತು. ದೇವರ ದೀಪ, ಊದುಬತ್ತಿ, ಗ್ಯಾಸ್ ಒಲೆ ಇವುಗಳಿಂದ ಆಮ್ಲಜನಕ ಕನಿಷ್ಠ 10 ಅಡಿ ದೂರವಿರಲಿ. ಪೈಪು ಹಾಕಿಕೊಂಡೇ ದೀಪ ಹಚ್ಚುವುದು, ಒಗ್ಗರಣೆ ಹಾಕುವುದು ಖಂಡಿತ ಕೂಡದು. ಬೀಡಿ ಸಿಗರೇಟಿನ ಮಾತಂತೂ ಎತ್ತಲೇಬೇಡಿ.

ರಕ್ತ ಬಂದರೆ

ಗಾಬರಿಯಾಗಬೇಡಿ. ಕೂರಿಸಿ, ತಲೆ ತುಸು ಮುಂದಕ್ಕೆ ಬಾಗಿಸಿ. ಹಿಂದಕ್ಕೆ ಬಾಗಿಸಿದರೆ ರಕ್ತ ಗಂಟಲಿಗಿಳಿಯುತ್ತದೆ. ಮೂಗಿನ ಮೆತ್ತನೆಯ ಭಾಗವನ್ನು ಗಡಿಯಾರ ನೋಡಿಕೊಂಡು 10 ನಿಮಿಷ ಬಿಡದೆ ಒತ್ತಿಹಿಡಿಯಿರಿ. ಬಾಯಲ್ಲಿ ಉಸಿರಾಡಲಿ. ಆ ಹೊತ್ತಿನಲ್ಲಿ ಆಮ್ಲಜನಕ ಹೇಗೆ ಕೊಡಬೇಕೆಂಬುದನ್ನು ಮೊದಲೇ ಡಾಕ್ಟರನ್ನು ಕೇಳಿಟ್ಟುಕೊಳ್ಳುವುದು ಜಾಣತನ. ಏದುಸಿರು ಹೆಚ್ಚಾದರೆ, ತುಟಿ ನೀಲಿಯಾದರೆ, 20 ನಿಮಿಷವಾದರೂ ರಕ್ತ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಪದೇ ಪದೇ ರಕ್ತ ಬರುತ್ತಿದ್ದರೆ ಅದನ್ನೂ ತಿಳಿಸಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಮುಂದಿನ ಸಲ ಅತ್ತೆಯವರು “ಪೈಪು ಬೇಡ” ಎಂದಾಗ ಅದನ್ನು ಹಟವೆಂದು ಗದರಿಕೊಳ್ಳದೆ, ಟಾರ್ಚು ಹಿಡಿದು ಹೊಳ್ಳೆಯೊಳಗೆ ಒಮ್ಮೆ ಇಣುಕಿ ನೋಡಿ. ಹಕ್ಕಳೆ ಕಂಡರೆ ಎರಡು ಹನಿ ಸಲೈನ್ ಹಾಕಿ, ಬಾಟಲಿಯ ನೀರು ಬದಲಿಸಿ, ಐದು ನಿಮಿಷ ಪಕ್ಕದಲ್ಲಿ ಕೂತು ಮಾತಾಡಿ. “ಈಗ ವಾಸಿ ಕಣೇ, ಇರಲಿ ಬಿಡು” ಎಂದು ಅವರೇ ಅಂದಾರು.